ಜ್ವರ ಬಂದವರು ಮನೆಯಲ್ಲಿ ಉಳಿಯುವಂತಿರಲಿ: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳಿಗೆ ಹಾಗೂ ವ್ಯವಸ್ಥಾಪನ ಮಂಡಳಿಯ ಎಲ್ಲ ಸದಸ್ಯರಿಗೆ,

ಗೌರವಪೂರ್ವಕ ವಂದನೆಗಳು.

ಸಾಂಕ್ರಾಮಿಕ ರೋಗ ಹರಡಿದಾಗ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಪಾಲಿಸಬೇಕಾದ ಆರೋಗ್ಯ ನಿಯಮಗಳ ಕರಡೊಂದನ್ನು ತಮ್ಮ ಕಚೇರಿ ಎಲ್ಲ ಸಂಯೋಜಿತ ಕಾಲೇಜುಗಳಿಗೆ ಕಳುಹಿಸಿ ಅಭಿಪ್ರಾಯ ಕೇಳಿದೆ. ಕೋವಿಡ್ ಕಾಲದಲ್ಲಿ ಸೋಮವಾರ ಬಂದ ಸುತ್ತೋಲೆಯನ್ನು ಗುರುವಾರದ ಸುತ್ತೋಲೆ ರದ್ದು ಮಾಡುತ್ತಿದ್ದುದನ್ನು ಕಂಡವರಿಗೆ, ಎಲ್ಲವೂ ಶಾಂತವಾಗಿರುವ ಹೊತ್ತಿನಲ್ಲೇ ನಿಯಮಗಳನ್ನು ಬರೆದಿಡಬೇಕೆಂಬ ಈ ಯೋಚನೆ ಸಮಾಧಾನ ತರುವಂಥದ್ದು. 2025ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಕೋವಿಡ್ ಪ್ರಕರಣಗಳು ಮತ್ತೆ ಕಾಣಿಸಿಕೊಂಡಾಗ ನಮ್ಮ ಕಾಲೇಜಿನಲ್ಲಿ ಪ್ರಾಂಶುಪಾಲರಿಂದ ಹಿಡಿದು ಶಿಪಾಯಿಯವರೆಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಹಳೆಯ ನಿಯಮಗಳೇ ಜಾರಿಯಲ್ಲಿವೆಯೇ, ಹೊಸದೇನಾದರೂ ಬರಲಿದೆಯೇ? ಉತ್ತರ ಯಾರ ಬಳಿಯೂ ಇರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸವನ್ನು ಈ ಬಾರಿಯಾದರೂ ಬಿಡೋಣ ಎಂಬ ತಮ್ಮ ಪ್ರಯತ್ನಕ್ಕೆ ನನ್ನ ಬೆಂಬಲವಿದೆ.

ನಾನು ಮುಂಬಯಿಯ ರಾತ್ರಿ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುವ ಕಾಯಂ ಅಧ್ಯಾಪಕಿ. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಯ ಇನ್‌ವರ್ಡ್ ವಿಭಾಗದಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡಿದ್ದೇನೆ. ಕನ್ನಡದಲ್ಲಿಯೂ ಪ್ರಕಟಿಸುತ್ತಿರುವುದಕ್ಕೆ ಕಾರಣವಿದೆ. ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು, ರಾತ್ರಿ ಶಾಲೆ, ರಾತ್ರಿ ಕಾಲೇಜುಗಳಲ್ಲಿ ಓದಿ ಮುಂದೆ ಬಂದ ಕನ್ನಡಿಗರ, ತುಳುವರ ತಲೆಮಾರುಗಳು ಈ ನಗರದಲ್ಲಿವೆ. ಮಾಟುಂಗ, ವಡಾಲ, ಕುರ್ಲಾ, ಸಾಂತಾಕ್ರೂಜ್‌ಗಳ ನಮ್ಮ ಸಂಘಸಂಸ್ಥೆಗಳನ್ನು ಕಟ್ಟಿ ನಡೆಸಿದವರಲ್ಲಿ ಹಾಗೆ ಓದಿದವರು ಎಷ್ಟೋ ಮಂದಿ. ಇಂದಿಗೂ ಕಾಲೇಜುಗಳ ಕ್ಯಾಂಟೀನ್ ನಡೆಸುವವರಲ್ಲಿ, ಅಲ್ಲಿ ಟೇಬಲ್ ಒರೆಸುವ ಹುಡುಗರಲ್ಲಿ ಉಡುಪಿ, ಕುಂದಾಪುರದ ಕಡೆಯವರು ಕಡಿಮೆಯಿಲ್ಲ. ಕರಡಿನ ನಿಯಮಗಳು ಇವರ ಬದುಕನ್ನು ಮುಟ್ಟುತ್ತವೆ. ಕರಡು ಮಾತ್ರ ಇವರ ಕೈ ಮುಟ್ಟಿಲ್ಲ. ಅವರೂ ಅವರ ಮನೆಯವರೂ ವಿಷಯ ತಿಳಿದು ತಮಗೆ ನೇರವಾಗಿ ಬರೆಯಲಿ ಎಂಬುದು ನನ್ನ ಆಸೆ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಯಮ ಪಾಲಿಸಿದವನ ಆ ದಿನದ ಸಂಬಳವೋ ಆ ವರ್ಷದ ಓದೋ ಕೈತಪ್ಪುವಂತಿದ್ದರೆ ಅವನು ನಿಯಮವನ್ನು ಪಾಲಿಸುವುದಿಲ್ಲ, ರೋಗವನ್ನು ಮುಚ್ಚಿಡುತ್ತಾನೆ. ಕರಡಿನಲ್ಲಿ ಸ್ಯಾನಿಟೈಸರ್ ಎಲ್ಲಿಡಬೇಕು, ಜ್ವರ ಅಳೆಯುವ ಗನ್ ಯಾರು ಹಿಡಿಯಬೇಕು, ಮಾಸ್ಕ್ ಇಲ್ಲದವರಿಗೆ ದಂಡವೆಷ್ಟು ಎಂಬುದೆಲ್ಲ ವಿವರವಾಗಿದೆ. ಅಸ್ವಸ್ಥರಾದವರು ಮನೆಯಲ್ಲಿ ಉಳಿಯತಕ್ಕದ್ದು ಎಂಬುದು ಮಾತ್ರ ಒಂದೇ ಸಾಲಿನಲ್ಲಿ ಮುಗಿದಿದೆ. ಉಳಿದ ಎಲ್ಲ ನಿಯಮಗಳಿಗಿಂತ ಹೆಚ್ಚು ಕೆಲಸ ಮಾಡಬೇಕಾದದ್ದು ಆ ಒಂದು ಸಾಲು. ಮನೆಯಲ್ಲಿ ಉಳಿದ ದಿನಗಳ ಖರ್ಚು ಯಾರದು ಎಂಬುದನ್ನು ಅದು ಹೇಳುವುದಿಲ್ಲ.

2022ರ ಫೆಬ್ರವರಿಯಲ್ಲಿ ಕಾಲೇಜುಗಳು ಮತ್ತೆ ತೆರೆದಿದ್ದವು. ಗೇಟಿನಲ್ಲಿ ಕಾವಲುಗಾರ ಪ್ಲಾಸ್ಟಿಕ್ ಕುರ್ಚಿಯ ಪಕ್ಕ ನಿಂತು, ಒಳಗೆ ಬರುವ ಒಬ್ಬೊಬ್ಬರ ಹಣೆಗೂ ಗನ್ ಹಿಡಿದು ರಿಜಿಸ್ಟರಿನಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದ. ಮಾಟುಂಗದ ಹೋಟೆಲೊಂದರಲ್ಲಿ ಬೆಳಗಿನ ಪಾಳಿ ಮುಗಿಸಿ ಬರುವ ನಮ್ಮ ಮೂರನೆಯ ವರ್ಷದ ಹುಡುಗನೊಬ್ಬ ಒಂದು ಸಂಜೆ ಮುಖ ಬಾಡಿಸಿಕೊಂಡು ಕೊನೆಯ ಬೆಂಚಿನಲ್ಲಿ ಕುಳಿತಿದ್ದ. ಏನಾಯಿತೆಂದು ಕೇಳಿದರೆ, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು, "ಮೇಡಂ, ಜ್ವರದ ಮಾತ್ರೆ ನುಂಗಿ ಒಂದು ಗಂಟೆ ಬಿಟ್ಟು ಬಂದರೆ ಗನ್ನಿನಲ್ಲಿ ಏನೂ ಕಾಣುವುದಿಲ್ಲ" ಎಂದ. ಅವನಿಗೆ ಮರುದಿನ ಇಂಟರ್ನಲ್ ಪರೀಕ್ಷೆಯಿತ್ತು, ತಪ್ಪಿದರೆ ಎಟಿಕೆಟಿ, ಎಂದರೆ ಆ ವಿಷಯ ಬಾಕಿ ಉಳಿದು ಮುಂದೆ ಮತ್ತೆ ಬರೆಯಬೇಕು. ಹೋಟೆಲಿನಲ್ಲಿ ಜ್ವರವೆಂದು ಬಾಯಿ ಬಿಟ್ಟರೆ ವಾರಗಟ್ಟಲೆ ಕೆಲಸವಿಲ್ಲ, ಮಲಗಲು ಬೇರೆ ಜಾಗವೂ ಇಲ್ಲ, ಏಕೆಂದರೆ ಹುಡುಗರು ಮಲಗುವುದು ಹೋಟೆಲಿನ ಮಾಳಿಗೆಯಲ್ಲೇ. ಬೀಸುವ ದೊಣ್ಣೆಯಿಂದ ಇವತ್ತು ತಪ್ಪಿಸಿಕೊಂಡರೆ ಸಾಕು ಎಂಬ ಸ್ಥಿತಿಯಲ್ಲಿದ್ದವನಿಗೆ ನೈತಿಕ ಜವಾಬ್ದಾರಿಯ ಪಾಠ ಹೇಳಲು ನನಗೆ ಬಾಯಿ ಬರಲಿಲ್ಲ. ವಾಪಸು ಕಳುಹಿಸಿದೆ, ಪರೀಕ್ಷೆಯ ವಿಷಯ ನೋಡಿಕೊಳ್ಳುತ್ತೇನೆ ಎಂದೆ. ನೋಡಿಕೊಳ್ಳಲು ಯಾವ ನಿಯಮದ ಆಧಾರವೂ ನನಗಿರಲಿಲ್ಲ. ಪ್ರಾಂಶುಪಾಲರು ಒಳ್ಳೆಯವರಾಗಿದ್ದರು, ಅಷ್ಟೇ. ಪ್ರಾಂಶುಪಾಲರ ಒಳ್ಳೆಯತನವನ್ನು ನಂಬಿಕೊಂಡು ಇಷ್ಟೊಂದು ಕಾಲೇಜುಗಳ ಆರೋಗ್ಯ ನಡೆಯಬಾರದು.

ಆ ಗನ್ ಹಿಡಿದಿದ್ದ ಕಾವಲುಗಾರನ ಸ್ಥಿತಿಯೂ ಬೇರೆಯಾಗಿರಲಿಲ್ಲ. ಅವನು ಕಾಲೇಜಿನ ನೌಕರನಲ್ಲ, ಏಜೆನ್ಸಿಯ ಗುತ್ತಿಗೆಯವನು. ಬಂದ ದಿನಕ್ಕಷ್ಟೇ ಸಂಬಳ. ಸಫಾಯಿ ಕೆಲಸದವರು, ಲಿಫ್ಟ್‌ನವರು, ತೋಟದವರು, ಪ್ರಯೋಗಾಲಯದಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಂಡ ಸಹಾಯಕರು, ಎಲ್ಲರದೂ ಇದೇ ಲೆಕ್ಕ. 2022ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಸೌಮ್ಯ ಸೋಂಕಿನವರಿಗೆ ಮನೆಯ ಪ್ರತ್ಯೇಕವಾಸವನ್ನು ಕನಿಷ್ಠ 7 ದಿನಗಳಿಗೆ ಇಳಿಸಿತು. ಕಾಯಂ ನೌಕರಳಾದ ನನಗೆ ಆ 7 ದಿನವೆಂದರೆ ರಜೆಯ ಅರ್ಜಿ ಮತ್ತು ಪುಸ್ತಕ. ಅವರಿಗೆ ತಿಂಗಳ ಸಂಬಳದಲ್ಲಿ ಹತ್ತಿರ ಹತ್ತಿರ ಕಾಲು ಭಾಗ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಅದಕ್ಕೆ ಹೊಣೆ ಎಂಬ ತತ್ವ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯ ಕಾಲದಿಂದಲೂ ನಮ್ಮ ಕಾನೂನಿನಲ್ಲಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ನೌಕರರ ರಾಜ್ಯ ವಿಮೆ, ಎಂದರೆ ಇಎಸ್‌ಐ ವ್ಯಾಪ್ತಿಗೆ ಬರುವವರಿಗೆ, ನಿಗದಿತ ದಿನಗಳ ವಂತಿಗೆ ಸಂದಿದ್ದರೆ, ಕಾಯಿಲೆಯ ಅವಧಿಗೆ ಸಂಬಳದ ಶೇಕಡಾ 70ರಷ್ಟು ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಗುತ್ತಿಗೆದಾರ ಇವರ ಹೆಸರು ನೋಂದಾಯಿಸದಿದ್ದರೆ, ವಂತಿಗೆ ತುಂಬದಿದ್ದರೆ, ಆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ಆದಕಾರಣ ನಿಯಮದಲ್ಲಿ ಎರಡು ವಿಷಯ ಸೇರಬೇಕೆಂದು ಕೋರುತ್ತೇನೆ. ಇಎಸ್‌ಐ ನೋಂದಣಿಯ ದಾಖಲೆ ತೋರಿಸದ ಗುತ್ತಿಗೆದಾರನ ಬಿಲ್ಲು ಪಾಸಾಗಬಾರದು. ಸಾಂಕ್ರಾಮಿಕದ ಅವಧಿಯಲ್ಲಿ ವೈದ್ಯರ ಸಲಹೆಯ ಮೇಲೆ ಮನೆಯಲ್ಲಿ ಉಳಿದವರಿಗೆ ಕಡಿಮೆ ಬೀಳುವ ಸಂಬಳವನ್ನು ವಿಶ್ವವಿದ್ಯಾಲಯ ಅಥವಾ ಕಾಲೇಜು ಭರಿಸಬೇಕು. ದುಬಾರಿಯೆಂದು ಹಣಕಾಸು ವಿಭಾಗ ಹೇಳಬಹುದು. ಒಬ್ಬ ಕಾವಲುಗಾರ ಕೆಮ್ಮುತ್ತಾ ಗೇಟಿನಲ್ಲಿ ನಿಂತರೆ ಆಗುವ ಖರ್ಚನ್ನೂ ಅವರು ಲೆಕ್ಕ ಹಾಕಲಿ.

ಅಧ್ಯಾಪಕರಲ್ಲಿಯೂ ಇಂಥವರಿದ್ದಾರೆ. ಸಿಎಚ್‌ಬಿ (ಕ್ಲಾಕ್ ಅವರ್ ಬೇಸಿಸ್) ಉಪನ್ಯಾಸಕರಿಗೆ ತಾಸಿನ ಲೆಕ್ಕದಲ್ಲಿ ಸಂಭಾವನೆ. ತೆಗೆದುಕೊಳ್ಳದ ತಾಸಿಗೆ ಬಿಡಿಗಾಸಿಲ್ಲ. ಒಂದೇ ದಿನ ಎರಡು ಮೂರು ಕಾಲೇಜುಗಳಿಗೆ ಓಡಾಡಿ ಪಾಠ ಮಾಡುವವರು ಇವರೇ ಆದ್ದರಿಂದ, ಸೋಂಕು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ದಾಟಬಾರದೆಂದಿದ್ದರೆ ಮೊದಲು ರಜೆ ಕೊಡಬೇಕಾದದ್ದೂ ಇವರಿಗೇ. ತಪ್ಪಿದ ತಾಸುಗಳನ್ನು ಆನ್‌ಲೈನಿನಲ್ಲೋ ಮುಂದಿನ ತಿಂಗಳಲ್ಲೋ ತುಂಬಿಕೊಡಲು ಅವಕಾಶವಿತ್ತು ಪೂರ್ತಿ ಸಂಭಾವನೆ ಕೊಡಬಹುದು. ಇದಕ್ಕೆ ಹೊಸ ಹಣ ಬೇಕಿಲ್ಲ, ಒಂದು ಆದೇಶ ಸಾಕು.

ಇನ್ನು ಕ್ಯಾಂಟೀನಿನ ಹುಡುಗರು. ಕರಡಿನ ಮೊದಲ ಪುಟದಲ್ಲಿ ಈ ನಿಯಮಗಳು ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಅನ್ವಯಿಸುತ್ತವೆ ಎಂದಿದೆ. ಕ್ಯಾಂಟೀನಿನವನು ಸಿಬ್ಬಂದಿಯಲ್ಲ, ಹಗಲಿನ ಕಾಲೇಜಿನ ಲೆಕ್ಕದಲ್ಲಿ ವಿದ್ಯಾರ್ಥಿಯೂ ಅಲ್ಲ. ಜೆರಾಕ್ಸ್ ಅಂಗಡಿಯವನು, ವಸತಿನಿಲಯದ ಮೆಸ್ಸಿನ ಅಡುಗೆಯವನು, ಪುಸ್ತಕದ ಅಂಗಡಿಯವನು ಯಾರೂ ಈ ಎರಡು ಪಟ್ಟಿಗಳಲ್ಲಿ ಬರುವುದಿಲ್ಲ. ಆದರೆ ಕಾಲೇಜಿನಲ್ಲಿ ದಿನಕ್ಕೆ ಅತಿ ಹೆಚ್ಚು ಜನರ ಎದುರು ನಿಲ್ಲುವವರು ಇವರು. ಚಹಾದ ಲೋಟ ಇವರ ಕೈಯಿಂದಲೇ ಕುಲಸಚಿವರ ಮೇಜಿಗೂ ಹೋಗುತ್ತದೆ, ಮೊದಲ ವರ್ಷದ ಹುಡುಗಿಯ ಮೇಜಿಗೂ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕ್ಯಾಂಟೀನುಗಳಿಗೆ ಬೀಗ ಬಿತ್ತು. ಊರಿಗೆ ಹೋಗಲು ರೈಲಿಲ್ಲದೆ, ಇಲ್ಲಿ ಉಳಿಯಲು ಸಂಬಳವಿಲ್ಲದೆ ಕುಳಿತವರಿಗೆ ನಮ್ಮ ಸಂಘಗಳವರು ದಿನಸಿ ಕಿಟ್ ಹಂಚಿದರು. ಅದು ಆ ಹೊತ್ತಿನ ಅಗತ್ಯವಾಗಿತ್ತು, ಸಂಘಗಳ ಮೇಲೆ ಹೆಮ್ಮೆಯೂ ಇದೆ. ಆದರೂ ವಿಶ್ವವಿದ್ಯಾಲಯದ ಆವರಣದಲ್ಲಿ ದುಡಿಯುವವರ ಹೊಟ್ಟೆಯ ಪ್ರಶ್ನೆಗೆ ದಾನಿಗಳು ಉತ್ತರ ಕೊಡಬೇಕಾಗಿ ಬಂದದ್ದು ವಿಶ್ವವಿದ್ಯಾಲಯಕ್ಕೆ ಶೋಭೆ ತರುವ ಮಾತಲ್ಲ. ಕರಡಿನ ವ್ಯಾಖ್ಯೆಯನ್ನು ಆವರಣದೊಳಗೆ ನಿತ್ಯ ಕೆಲಸ ಮಾಡುವ ಪ್ರತಿಯೊಬ್ಬರಿಗೂ ವಿಸ್ತರಿಸಬೇಕು. ಕ್ಯಾಂಟೀನಿನ ಟೆಂಡರಿನಲ್ಲಿ ವಡಾಪಾವ್‌ನ ಬೆಲೆಯನ್ನು ನಿಗದಿ ಮಾಡುವವರು ಕೆಲಸದವರ ಕಾಯಿಲೆಯ ರಜೆಯನ್ನೂ ನಿಗದಿ ಮಾಡಬಹುದು.

ವಿದ್ಯಾರ್ಥಿಗಳ ವಿಷಯದಲ್ಲಿ ಸಂಬಳದ ಸ್ಥಾನದಲ್ಲಿ ಹಾಜರಾತಿ ಮತ್ತು ಪರೀಕ್ಷೆ ನಿಲ್ಲುತ್ತವೆ. ಶೇಕಡಾ 75ರ ಹಾಜರಾತಿ ನಿಯಮ ಹಾಗೆಯೇ ಇದ್ದು, ಕಾಯಿಲೆಯವರು ಬರಬಾರದೆಂಬ ನಿಯಮ ಅದರ ಮೇಲೆ ಬಂದು ಕುಳಿತರೆ, ಎರಡರ ನಡುವೆ ಸಿಕ್ಕವನು ಮೊದಲನೆಯದಕ್ಕೇ ಹೆದರುತ್ತಾನೆ. ಪ್ರತ್ಯೇಕವಾಸದ ದಿನಗಳನ್ನು ಹಾಜರಾತಿಯ ಲೆಕ್ಕದಿಂದಲೇ ಹೊರಗಿಡಬೇಕು; ಕೊನೆಗೆ ಮಾಫಿ ಕೇಳಿಕೊಂಡು ಪ್ರಾಂಶುಪಾಲರ ಕೋಣೆಯ ಮುಂದೆ ಸಾಲು ನಿಲ್ಲುವ ಪದ್ಧತಿ ಬೇಡ. ಸೋಂಕಿನ ಕಾರಣ ಪರೀಕ್ಷೆ ತಪ್ಪಿದವರಿಗೆ ಅದೇ ಸೆಮಿಸ್ಟರಿನಲ್ಲಿ, ಹೆಚ್ಚುವರಿ ಶುಲ್ಕವಿಲ್ಲದೆ, ಎಟಿಕೆಟಿಯ ಗುರುತಿಲ್ಲದೆ ಮರುಪರೀಕ್ಷೆ ನಡೆಯಬೇಕು. 2020ರಲ್ಲಿ ಅಂತಿಮ ವರ್ಷದ ಪರೀಕ್ಷೆ ಬೇಡವೆಂದು ರಾಜ್ಯ ಸರ್ಕಾರವೂ, ಸೆಪ್ಟೆಂಬರ್ 30ರೊಳಗೆ ನಡೆಸಲೇಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವೂ (ಯುಜಿಸಿ) ಹಿಡಿದ ಪಟ್ಟಿನಿಂದಾಗಿ ಆಗಸ್ಟ್ 28ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಮಕ್ಕಳು ಪುಸ್ತಕ ಮುಚ್ಚಬೇಕೋ ತೆರೆಯಬೇಕೋ ತಿಳಿಯದೆ ಕಾದರು. ಪರೀಕ್ಷೆ ಇಲ್ಲದೆ ಪದವಿ ಕೊಡುವಂತಿಲ್ಲ, ಗಡುವು ವಿಸ್ತರಿಸಲು ಕೋರಬಹುದು ಎಂಬುದು ಆ ತೀರ್ಪಿನ ಸಾರ. ಈಗ ಅಷ್ಟು ಸ್ಪಷ್ಟವಿರುವಾಗ, ತುರ್ತು ಸ್ಥಿತಿಯಲ್ಲಿ ಯಾವ ಮಾದರಿಯ ಪರೀಕ್ಷೆ, ಎಷ್ಟು ದಿನ ಮೊದಲೇ ಸೂಚನೆ ಎಂಬುದನ್ನು ಬರೆದಿಡಲು ತೊಡಕೇನಿದೆ? ಮೊಬೈಲು ಒಂದೇ ಇರುವ, ಹತ್ತಡಿ ಅಗಲದ ಖೋಲಿಯಲ್ಲಿ ಐದಾರು ಮಂದಿ ಇರುವ ಮನೆಯ ಮಕ್ಕಳಿಗೆ ಆನ್‌ಲೈನ್ ಪರೀಕ್ಷೆಗೆ ಹತ್ತಿರದ ಕಾಲೇಜಿನ ಕಂಪ್ಯೂಟರ್ ಕೋಣೆಯನ್ನು ತೆರೆದುಕೊಡುವ ವ್ಯವಸ್ಥೆಯನ್ನೂ ಅದರಲ್ಲಿಯೇ ಸೇರಿಸಬೇಕು.

ಲಸಿಕೆಯ ಷರತ್ತಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕರಡು ಇಲ್ಲಿ 2021ರ ಭಾಷೆಯನ್ನೇ ಎತ್ತಿಕೊಂಡಿದೆ. ನಾನು ಲಸಿಕೆಯ ಪರವಾಗಿರುವವಳು. ತರಗತಿಯಲ್ಲಿ ಹಿಂಜರಿಯುತ್ತಿದ್ದವರನ್ನು ಒಪ್ಪಿಸಿ ಕೇಂದ್ರಕ್ಕೆ ಕರೆದೊಯ್ದವರಲ್ಲಿ ನಾನೂ ಒಬ್ಬಳು. ಆದರೆ ಷರತ್ತು ಹಾಕುವ ಮೊದಲು ಕ್ಯಾಲೆಂಡರ್ ನೋಡಬೇಕು. 18ರಿಂದ 44 ವರ್ಷದವರಿಗೆ ಲಸಿಕೆ ತೆರೆದದ್ದು 2021ರ ಮೇ 1ರಂದು. ಕೊರತೆಯಿಂದಾಗಿ ಮಹಾರಾಷ್ಟ್ರ ಸರ್ಕಾರ ಅದೇ ತಿಂಗಳು ಈ ವಯೋಮಾನದವರ ಅಭಿಯಾನವನ್ನು ನಿಲ್ಲಿಸಿ, ಜೂನ್‌ನಲ್ಲಿ ಮತ್ತೆ ಆರಂಭಿಸಿತು. ಇದರ ನಡುವೆ ಕೋವಿಶೀಲ್ಡ್‌ನ ಎರಡು ಡೋಸುಗಳ ಅಂತರ 12ರಿಂದ 16 ವಾರಗಳಿಗೆ, ಎಂದರೆ ಕನಿಷ್ಠ 84 ದಿನಗಳಿಗೆ ಏರಿತು. ಅಕ್ಟೋಬರ್ 20ರಂದು ಕಾಲೇಜುಗಳು ತೆರೆದಾಗ 18 ದಾಟಿದವರು ಎರಡೂ ಡೋಸ್ ಪಡೆದಿರಬೇಕೆಂಬ ಷರತ್ತಿತ್ತು. ಆಗಸ್ಟ್ 15ರಿಂದ ಜಾರಿಗೆ ಬಂದಿದ್ದ ಲೋಕಲ್ ರೈಲಿನ ನಿಯಮ ಎರಡನೆಯ ಡೋಸಿನ ಮೇಲೆ ಇನ್ನೂ 14 ದಿನ ಕಳೆದಿರಬೇಕೆನ್ನುತ್ತಿತ್ತು. 84ಕ್ಕೆ 14 ಕೂಡಿಸಿ ಹಿಂದಕ್ಕೆ ಎಣಿಸಿದರೆ, ಜುಲೈ 14ರೊಳಗೆ ಮೊದಲ ಕೋವಿಶೀಲ್ಡ್ ಚುಚ್ಚಿಸಿಕೊಳ್ಳದ ವಿದ್ಯಾರ್ಥಿ ಕಾಲೇಜು ತೆರೆದ ದಿನ ಲೋಕಲ್ ಹತ್ತುವಂತಿರಲಿಲ್ಲ. ಆಗಸ್ಟ್‌ನಲ್ಲಿ 18 ತುಂಬಿದ ಹುಡುಗಿ ಹುಟ್ಟುಹಬ್ಬದ ದಿನವೇ ಹೋಗಿ ಆ ಲಸಿಕೆ ತೆಗೆದುಕೊಂಡಿದ್ದರೂ ಅವಳಿಗೆ ಗೇಟು ತೆರೆಯುತ್ತಿರಲಿಲ್ಲ. 15ರಿಂದ 18 ವರ್ಷದವರಿಗಂತೂ ಲಸಿಕೆ ಬಂದದ್ದೇ 2022ರ ಜನವರಿ 3ರಂದು. ವಿರಾರ್, ಡೊಂಬಿವಲಿ, ಪನ್ವೇಲ್‌ಗಳಿಂದ ಬರುವವರಿಗೆ ಲೋಕಲ್ ಇಲ್ಲವೆಂದರೆ ಕಾಲೇಜೇ ಇಲ್ಲವೆಂದು ಅರ್ಥ. ಇದು ಯಾರ ದುರುದ್ದೇಶವೂ ಅಲ್ಲ. ಮೂರು ಕಚೇರಿಗಳು ಮೂರು ನಿಯಮ ಬರೆದವು, ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ಆ ಕೂಡುವ ಕೆಲಸ ವಿಶ್ವವಿದ್ಯಾಲಯದ್ದು.

2022ರ ಮೇ 2ರಂದು ಸುಪ್ರೀಂ ಕೋರ್ಟ್, ಯಾರಿಗೂ ಲಸಿಕೆಯನ್ನು ಬಲವಂತವಾಗಿ ಹಾಕುವಂತಿಲ್ಲ, ಲಸಿಕೆ ಪಡೆಯದವರ ಮೇಲೆ ಹೇರುವ ನಿರ್ಬಂಧ ಅಂದಿನ ಪರಿಸ್ಥಿತಿಗೆ ತಕ್ಕ ಪ್ರಮಾಣದಲ್ಲಿರಬೇಕು ಎಂದು ಹೇಳಿದ್ದನ್ನೂ ಕರಡು ಗಮನಿಸಿದಂತಿಲ್ಲ. ಲಸಿಕೆ ಇಲ್ಲದವರಿಗೆ ಗೇಟಿನಲ್ಲಿ ತಡೆ ಹಾಕುವ ಬದಲು, ಆವರಣದಲ್ಲಿಯೇ ಲಸಿಕಾ ಶಿಬಿರ ನಡೆಸಿ, ಮರುದಿನ ಮೈಕೈ ನೋವಿಗೆ ರಜೆ ಕೊಟ್ಟರೆ ಹೆಚ್ಚು ಮಂದಿ ತೆಗೆದುಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಬಲವಂತದ ಫಲ ಏನೆಂಬುದು ನಮ್ಮ ನಾಡಿಗೆ ಹೊಸತಲ್ಲ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗ್ ಪತ್ತೆಯಾದ ಬೆನ್ನಿಗೆ ಬಂದದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. 2020ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಜಾರಿಗೊಳಿಸಿದ್ದೂ ಅದನ್ನೇ. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ಶೋಧಿಸಿದ್ದರಿಂದ ಹುಟ್ಟಿದ ಆಕ್ರೋಶ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ 1897ರ ಜೂನ್ 22ರಂದು ಹಾರಿದ ಗುಂಡಿನವರೆಗೆ ಬೆಳೆಯಿತು. ಅದೇ ವರ್ಷ, ಅದೇ ಪುಣೆಯಲ್ಲಿ, ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ರೋಗಿಯನ್ನು ಅಪರಾಧಿಯಂತೆ ಹುಡುಕುವ ದಾರಿ, ರೋಗಿಯ ಭಾರ ಹೊರುವ ದಾರಿ, ಎರಡೂ ಈ ರಾಜ್ಯದ ಇತಿಹಾಸದಲ್ಲಿವೆ. ಕರಡಿನ ದಂಡದ ಪಟ್ಟಿಯನ್ನು ಓದುವಾಗ ನನಗೆ ಮೊದಲನೆಯದೇ ನೆನಪಾಯಿತು.

ಊರಿನ ವಿಷಯ ಹೇಳದೆ ಹೋದರೆ ನಮ್ಮವರು ಒಪ್ಪುವುದಿಲ್ಲ. 2020ರ ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಆಮೇಲೆ ಆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ನೋಂದಣಿ, ಕ್ವಾರಂಟೈನ್. 2021ರಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ. ಮನೆಯಲ್ಲಿ ತಂದೆಗೆ ಹುಷಾರಿಲ್ಲವೆಂದು ಹೊರಟ ವಿದ್ಯಾರ್ಥಿ ಯಾವಾಗ ತಲುಪುತ್ತಾನೆ, ಯಾವಾಗ ಹಿಂದಿರುಗುತ್ತಾನೆ ಎಂಬುದು ಅವನ ಕೈಯಲ್ಲಿರಲಿಲ್ಲ. ಎರಡು ರಾಜ್ಯಗಳ ನಿಯಮಗಳ ನಡುವೆ ಸಿಕ್ಕಿ ತಡವಾಗುವ ವಿದ್ಯಾರ್ಥಿಗೂ ಕಾಯಿಲೆಯವನಿಗೆ ಕೊಡುವ ರಿಯಾಯಿತಿಯನ್ನೇ ಕೊಡಬೇಕು. ಪರೀಕ್ಷೆಯ ವರದಿ ಕಡ್ಡಾಯ ಮಾಡುವುದಾದರೆ ಅದರ ಖರ್ಚು ವಿಶ್ವವಿದ್ಯಾಲಯದ್ದಾಗಲಿ. ಆರಂಭದಲ್ಲಿ ಖಾಸಗಿ ಪ್ರಯೋಗಾಲಯಗಳಿಗೆ 4,500 ರೂಪಾಯಿಯ ಮಿತಿಯಿದ್ದ ಆರ್‌ಟಿಪಿಸಿಆರ್ ಇಲ್ಲಿ 500 ರೂಪಾಯಿಗೆ ಇಳಿದದ್ದು 2021ರ ಮಾರ್ಚ್ ಕೊನೆಯಲ್ಲಿ. 500 ಕೂಡ ಕ್ಯಾಂಟೀನಿನ ಹುಡುಗನ ಜೇಬಿಗೆ ಸಣ್ಣದಲ್ಲ.

ಈಗ ಗಾಳಿಯ ಮಾತು. ಕರಡಿನಲ್ಲಿ ಮೇಲ್ಮೈ ಒರೆಸುವುದಕ್ಕೆ ಮೀಸಲಾದ ಜಾಗದ ಅರ್ಧವೂ ಇದಕ್ಕಿಲ್ಲ. ಕೋವಿಡ್ ವೈರಾಣು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಮೂಲಕವೂ, ಗಾಳಿಯಾಡದ ಕೋಣೆಗಳಲ್ಲಿ ದೂರದವರೆಗೂ ಹರಡುತ್ತದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸ್ಪಷ್ಟವಾಗಿ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೂ ಕಿಟಕಿ ಬಾಗಿಲು ತೆರೆದಿಡಿ, ಎಗ್ಸಾಸ್ಟ್ ಫ್ಯಾನ್ ಹಾಕಿ ಎಂದು ಸಾಮಾನ್ಯರಿಗೆ ತಿಳಿಯುವಂತೆ ಸಲಹೆ ಹೊರಡಿಸಿತು. ನಮ್ಮ ತರಗತಿಗಳನ್ನು ತಾವೊಮ್ಮೆ ಬಂದು ನೋಡಬೇಕು. ಒಂದು ಕೋಣೆಯ ಎರಡು ಕಿಟಕಿಗಳಿಗೆ ಅಡ್ಡಲಾಗಿ ಉಕ್ಕಿನ ಕಪಾಟುಗಳಿವೆ, ಅವುಗಳ ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳು. ಮೂರನೆಯದರ ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿದೆ. ನಾಲ್ಕನೆಯದನ್ನು ಮಳೆಗಾಲದಲ್ಲಿ ತೆರೆದರೆ ಮೊದಲ ಬೆಂಚು ಒದ್ದೆ. ಹೊಸ ಕಟ್ಟಡದಲ್ಲಿ ಸ್ಪ್ಲಿಟ್ ಎಸಿ ಹಾಕಿ ಕಿಟಕಿಗಳನ್ನು ಪೂರ್ತಿ ಮುಚ್ಚಲಾಗಿದೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ ಎಂಬುದು ಅದನ್ನು ಖರೀದಿಸಿದವರಿಗೂ ತಿಳಿದಿದ್ದಂತಿಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಜನ ತುಂಬಿದ ಮುಚ್ಚಿದ ಕೋಣೆಯಲ್ಲಿ ಅದು ಒಂದು ಪಾಠದ ಅವಧಿಯೊಳಗೇ 1,000 ದಾಟುತ್ತದೆ. ಆ ಅಂಕಿ ಏರಿದಷ್ಟೂ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆಂದು ಅರ್ಥ. ಅಂಗೈಯಗಲದ ಮೀಟರೊಂದು ಇದನ್ನು ಅಳೆಯುತ್ತದೆ. ಪ್ರತಿ ಕಾಲೇಜಿಗೆ ಇಂಥ ಕೆಲವನ್ನು ಕೊಟ್ಟು, ಯಾವ ಕೋಣೆಯಲ್ಲಿ ಎಷ್ಟು ಮಂದಿ ಕುಳಿತುಕೊಳ್ಳಬಹುದು ಎಂಬುದನ್ನು ಬೆಂಚು ಎಣಿಸಿ ಹೇಳುವ ಬದಲು ಗಾಳಿ ಅಳೆದು ಹೇಳುವಂತಾಗಬೇಕು. ಕ್ಷಯರೋಗದ ಭಾರ ಇಷ್ಟೊಂದು ಇರುವ ಮುಂಬಯಿಯಲ್ಲಿ ಈ ಖರ್ಚು ಮುಂದಿನ ಸಾಂಕ್ರಾಮಿಕಕ್ಕಾಗಿ ಕಾದು ಕೂರುವಂಥದ್ದೂ ಅಲ್ಲ. ನಾಳೆಯಿಂದಲೇ ಉಪಯೋಗಕ್ಕೆ ಬರುತ್ತದೆ. ಸೋಂಕು ನಿವಾರಕ ಸಿಂಪಡಿಸುವ ಸುರಂಗದ ಪ್ರಸ್ತಾಪವನ್ನಂತೂ ಕರಡಿನಿಂದ ತೆಗೆದುಹಾಕಿ. ಮನುಷ್ಯರ ಮೇಲೆ ಇಂಥ ರಾಸಾಯನಿಕ ಸಿಂಪಡಿಸುವುದು ಹಾನಿಕರವೆಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿದೆ.

ಗೌಪ್ಯತೆಯ ಬಗ್ಗೆ ಒಂದೇ ಮಾತು. ಲಸಿಕೆಯ ಪ್ರಮಾಣಪತ್ರ, ಸೋಂಕಿನ ವರದಿಗಳನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಸಿಕೊಂಡ ಕಾಲೇಜುಗಳಿದ್ದವು; ಯಾರಿಗೆ ಸೋಂಕು ತಗುಲಿದೆಯೆಂಬುದು ಇಡೀ ತರಗತಿಗೆ ತಿಳಿದ ಮೇಲೆ ಮುಂದಿನವನು ಹೇಳುತ್ತಾನೆಯೇ? 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಸಂಸತ್ತು ಕಾಯಿದೆ ಮಾಡಿದೆ. ದಾಖಲೆ ನೋಡುವವರು ಒಬ್ಬರೇ ಇರಲಿ, ಯಾವ ದಿನಾಂಕದೊಳಗೆ ಅಳಿಸುತ್ತಾರೆಂಬುದು ಬರಹದಲ್ಲಿರಲಿ.

ನಿಯಮಗಳು ಯಾವಾಗ ಮುಗಿಯುತ್ತವೆ ಎಂಬುದನ್ನೂ ಕರಡು ಹೇಳಬೇಕು. ಮಹಾರಾಷ್ಟ್ರ 2022ರ ಏಪ್ರಿಲ್ 2ರಂದು, ನಮ್ಮ ಯುಗಾದಿಯ ದಿನ, ಕೋವಿಡ್ ನಿರ್ಬಂಧಗಳನ್ನೆಲ್ಲ ತೆಗೆದುಹಾಕಿತು. ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಳೆಯ ಸೂಚನೆಗಳು ಆಮೇಲೆಯೂ ಬಹಳ ಕಾಲ ನೇತಾಡುತ್ತಿದ್ದವು. ವಿದ್ಯಾರ್ಥಿಗಳು ಸಂಜೆ ಕೂತು ಹರಟುತ್ತಿದ್ದ ಕಟ್ಟೆಗೆ ಕಟ್ಟಿದ್ದ ಹಗ್ಗವನ್ನು ಯಾರೂ ಬಿಚ್ಚಲಿಲ್ಲ. ತುರ್ತು ಸಂದರ್ಭದಲ್ಲಿ ಕೂಡಲೇ ಕ್ರಮ ಕೈಗೊಂಡು, ಆನಂತರ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರದಿ ಮಾಡುವ ಅಧಿಕಾರವನ್ನು 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಅಧಿನಿಯಮ ತಮಗೆ ಕೊಟ್ಟಿದೆ. ಆ ಅಧಿಕಾರದಿಂದ ಹೊರಡುವ ಪ್ರತಿ ಆದೇಶಕ್ಕೂ ಮೂವತ್ತು ದಿನಗಳ ಆಯುಷ್ಯ ಸಾಕು. ಮುಂದುವರಿಸಬೇಕಾದರೆ ಕಾರಣ ಬರೆದು ಮತ್ತೆ ಹೊರಡಿಸಲಿ.

ಕರಡಿಗೆ ಅಭಿಪ್ರಾಯ ಕಳುಹಿಸುವ ಗಡುವು ಸೆಮಿಸ್ಟರ್ ಪರೀಕ್ಷೆಗಳ ನಡುವೆ ಬೀಳುತ್ತದೆ, ಅದೂ ಇಂಗ್ಲಿಷಿನಲ್ಲಿ ಇಮೇಲ್ ಮೂಲಕ. ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳಾದರೂ ಅವಕಾಶ ಕೊಟ್ಟು, ಮರಾಠಿ ಮತ್ತು ಹಿಂದಿ ಪ್ರತಿಗಳನ್ನು ಪ್ರತಿ ಕಾಲೇಜಿನ ಗೇಟಿನಲ್ಲಿಯೂ ಕ್ಯಾಂಟೀನಿನಲ್ಲಿಯೂ ಅಂಟಿಸಬೇಕೆಂದು ಕೋರುತ್ತೇನೆ. ಕನ್ನಡ ಪ್ರತಿಯನ್ನು ಸಿದ್ಧಪಡಿಸಿ ಕೊಡಲು ನಾನೂ ನನ್ನ ಕೆಲವು ಸಹೋದ್ಯೋಗಿಗಳೂ ತಯಾರಿದ್ದೇವೆ. ಒಂದು ಬಹಿರಂಗ ಸಭೆಯನ್ನೂ ಕರೆಯಿರಿ. ಅದನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಕಾಯಂ ಕೆಲಸದ ನನ್ನಂಥವರಷ್ಟೇ ಬರುತ್ತೇವೆ. ಭಾನುವಾರ ರಾತ್ರಿ ಎಂಟರ ಮೇಲೆ ಇಟ್ಟರೆ ಹಗಲಿನ ಪಾಳಿಯ ಕಾವಲುಗಾರರು, ಹೋಟೆಲು ಕ್ಯಾಂಟೀನುಗಳ ಹುಡುಗರು ಬರಬಹುದು; ಬಂದವರ ಆ ದಿನದ ಸಂಬಳ ಕಡಿತವಾಗದಂತೆ ಕಾಲೇಜುಗಳಿಗೆ ಒಂದು ಸೂಚನೆ ಹೋಗಲಿ.

ಇಂತಿ ತಮ್ಮ ವಿಶ್ವಾಸಿ,
ರಾತ್ರಿ ಕಾಲೇಜೊಂದರ ವಾಣಿಜ್ಯ ಅಧ್ಯಾಪಕಿ
ಮುಂಬಯಿ